ತೌಡಿನಲ್ಲಿ ಹೋದದ್ದು

ಅಜ್ಜಿಯ ಮನೆಯ ಹಟ್ಟಿಯಲ್ಲಿ ಕಪಿಲೆ ಎಂಬ ಹಸುವಿತ್ತು. ಸಂಜೆ ಅನ್ನಕ್ಕಿಡುವ ಮೊದಲು ಅಕ್ಕಿ ತೊಳೆದ ನೀರನ್ನು ಅಜ್ಜಿ ಎಂದೂ ಚೆಲ್ಲುತ್ತಿರಲಿಲ್ಲ. ಆ ಅಕ್ಕಚ್ಚನ್ನು ಅಂಚು ಬಾಗಿದ ಬಾಲ್ದಿಗೆ ಸುರಿದು, ಡಬ್ಬದಿಂದ ಎರಡು ಹಿಡಿ ತೌಡು ಹಾಕಿ, ಮೊಣಕೈವರೆಗೆ ಕೈ ಇಳಿಸಿ ಕಲಸಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಹಟ್ಟಿಯ ಮೆಟ್ಟಿಲು ಇಳಿಯುವ ಮೊದಲೇ ಕಪಿಲೆಗೆ ವಾಸನೆ ಹತ್ತುತ್ತಿತ್ತು. ಬಾಲ್ದಿಯ ತಳದವರೆಗೂ ಮೂತಿ ಇಳಿಸಿ, ಒಂದೇ ಉಸಿರಿಗೆ ಹೀರಿ, ತಲೆ ಎತ್ತಿದಾಗ ಅದರ ಮೂತಿಯ ಕೂದಲಿಗೆ ತೌಡಿನ ನೊರೆ ಅಂಟಿಕೊಂಡಿರುತ್ತಿತ್ತು. ಆಮೇಲೂ ಬಹಳ ಹೊತ್ತು ಖಾಲಿ ಬಾಲ್ದಿಯನ್ನು ನೆಕ್ಕುತ್ತಿತ್ತು.

ನಮ್ಮ ಭಾಷೆಯಲ್ಲಿ ತೌಡಿಗೆ ಅಂಥ ಮರ್ಯಾದೆಯೇನೂ ಇಲ್ಲ. ಹುರುಳಿಲ್ಲದ ಮಾತನ್ನು ಆಡಿದ್ದನ್ನೇ ಆಡುವವರನ್ನು ಕಂಡರೆ 'ತೌಡು ಕುಟ್ಟುತ್ತಿದ್ದಾನೆ' ಎನ್ನುತ್ತೇವೆ. ಕುಟ್ಟಿದರೂ ಅದರಿಂದ ಅಕ್ಕಿ ಬರುವುದಿಲ್ಲವಲ್ಲ ಎಂಬ ಅರ್ಥ. ಅಕ್ಕಿ ಮನುಷ್ಯರಿಗೆ, ತೌಡು ದನಕ್ಕೆ, ಉಮಿ ಬಚ್ಚಲ ಒಲೆಗೆ. ಈ ಹಂಚಿಕೆ ಎಷ್ಟು ಸಹಜವಾಗಿತ್ತೆಂದರೆ ಅದರಲ್ಲಿ ಯಾರ ಪಾಲಿಗೆ ಏನು ಹೋಗುತ್ತಿದೆ ಎಂದು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ನನಗೂ ತೋಚಲಿಲ್ಲ. ನಲವತ್ತು ದಾಟಿದ ಮೇಲೆ, ತಂಗಿಯ ಬಾಣಂತನದ ನೆಪದಲ್ಲಿ ಬಿ1 ಜೀವಸತ್ವದ ಬಗ್ಗೆ ಓದಲು ಕುಳಿತಾಗಲೇ ಆ ಬಾಲ್ದಿ ನೆನಪಾದದ್ದು. ಅದರಲ್ಲಿ ಇದ್ದದ್ದು ಅದೇ.

ಬಿ1ಕ್ಕೆ ಥಯಾಮಿನ್ ಎಂದು ಹೆಸರು. ಭತ್ತದ ಕಾಳಿನಲ್ಲಿ ಅದು ಎಲ್ಲಿ ಕುಳಿತಿದೆ ಎಂಬುದರಲ್ಲಿಯೇ ಇಡೀ ಕಥೆಯಿದೆ. ಒಳಗಿನ ಬಿಳಿಯ ಭಾಗವೆಲ್ಲ ಹೆಚ್ಚೂಕಡಿಮೆ ಬರೀ ಪಿಷ್ಟ. ಉಮಿ ಬಿಡಿಸಿದ ಕೂಡಲೇ ಕಾಣುವ ಕಂದು ಪೊರೆ ಮತ್ತು ಕಾಳಿನ ಒಂದು ತುದಿಯಲ್ಲಿ ಚುಕ್ಕಿಯಂತೆ ಕುಳಿತಿರುವ ಮೊಳಕೆಯ ಭಾಗ, ಇವೆರಡರಲ್ಲಿಯೇ ಥಯಾಮಿನ್‌ನ ಬಹುಪಾಲು. ಗಿರಣಿಯಲ್ಲಿ ಅಕ್ಕಿಯನ್ನು ಬೆಳ್ಳಗೆ ಮಾಡುವುದೆಂದರೆ ಇವೆರಡನ್ನೂ ಉಜ್ಜಿ ತೆಗೆಯುವುದು. ಉಜ್ಜಿ ತೆಗೆದದ್ದೇ ತೌಡು. ಅಷ್ಟಾದ ಮೇಲೂ ಅಕ್ಕಿಯ ಮೈಗೆ ಅಂಟಿಕೊಂಡಿದ್ದ ಚೂರುಪಾರು ತೊಳೆದ ನೀರಿಗೆ ಇಳಿಯುತ್ತದೆ, ಏಕೆಂದರೆ ಇದು ನೀರಿನಲ್ಲಿ ಕರಗುವ ಜೀವಸತ್ವ. ಅಂದರೆ ತೌಡು ಕಲಸಿದ ಅಕ್ಕಚ್ಚು ಕುಡಿದ ಕಪಿಲೆ ನಮ್ಮ ಅಕ್ಕಿಯ ಬಿ1ನ್ನು ಎರಡು ದಾರಿಯಿಂದಲೂ ಕುಡಿಯುತ್ತಿತ್ತು. ಹಾಗೆ ನೋಡಿದರೆ ಹಸುವಿಗೆ ಅದರ ಅಗತ್ಯವೂ ಇರಲಿಲ್ಲ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿ1ನ್ನು ತಾವೇ ತಯಾರಿಸಿಕೊಡುತ್ತವೆ.

ಹಾಗಾದರೆ ಆ ಮನೆಯ ಮನುಷ್ಯರ ಗತಿ? ಅವರು ಚೆನ್ನಾಗಿಯೇ ಇದ್ದರು. ಅದಕ್ಕೆ ಕಾರಣ ಕೊಪ್ಪರಿಗೆ.

ಭತ್ತ ಬೇಯಿಸುವ ದಿನ ನಮಗೆ ಹಬ್ಬ. ಹಿಂದಿನ ಸಂಜೆಯೇ ಅಂಗಳದ ಮೂಲೆಯ ದೊಡ್ಡ ಒಲೆಯ ಮೇಲೆ ಕೊಪ್ಪರಿಗೆ ಏರಿ, ಭತ್ತ ನೀರಿನಲ್ಲಿ ಮುಳುಗಿ ಕುಳಿತಿರುತ್ತಿತ್ತು. ಬೆಳಗಿನ ಜಾವ ಬೆಂಕಿ. ನಾವು ಏಳುವ ಹೊತ್ತಿಗೆ ಅಂಗಳದ ತುಂಬ ಆವಿ. ಆ ವಾಸನೆಯನ್ನು ಯಾವುದಕ್ಕೆ ಹೋಲಿಸಲಿ? ಒದ್ದೆ ಹುಲ್ಲು, ಬೆಲ್ಲ ಕಾಯಿಸಿದ ಪಾತ್ರೆ, ಮೊದಲ ಮಳೆಯ ಹಂಚು, ಮೂರೂ ಸೇರಿದಂತೆ. ಉಮಿ ಸೀಳಿ ಭತ್ತ ಸಣ್ಣಗೆ ಬಾಯಿಬಿಟ್ಟಾಗ ಬೆಂಕಿ ಎಳೆದು, ಬುಟ್ಟಿಯಲ್ಲಿ ತೋಡಿ, ನೀರು ಬಸಿದು, ಸೆಗಣಿ ಸಾರಿಸಿದ ಅಂಗಳದಲ್ಲಿ ಚಾಪೆಯ ಮೇಲೆ ಹರವುತ್ತಿದ್ದರು. ಕಾಲಿನಿಂದ ಸಾಲು ಎಳೆಯುತ್ತಾ ಭತ್ತ ಮಗುಚುವುದು ಮತ್ತು ಕೋಳಿ ಓಡಿಸುವುದು ಮಕ್ಕಳ ಕೆಲಸ. ಒಣಗಿತೋ ಇಲ್ಲವೋ ಎಂದು ನೋಡಲು ಅಜ್ಜಿ ಒಂದು ಕಾಳನ್ನು ಉಗುರಿನಿಂದ ಬಿಡಿಸಿ ಮುಂದಿನ ಹಲ್ಲಿನಲ್ಲಿ ಕಚ್ಚುತ್ತಿದ್ದಳು. ಕಟ್ಟನೆ ತುಂಡಾದರೆ ಹದ. ಹಲ್ಲಿಗೆ ಅಂಟಿದರೆ ಇನ್ನೊಂದು ಬಿಸಿಲು ಬೇಕು. ಬಿಸಿಲು ಹೆಚ್ಚಾದರೆ ಗಿರಣಿಯಲ್ಲಿ ನುಚ್ಚು. ಈ ಹದ ಅಜ್ಜಿಯ ಹಲ್ಲಿಗೆ ಮಾತ್ರ ಗೊತ್ತಿತ್ತು.

ಹೀಗೆ ಆದದ್ದೇ ಕುಚ್ಚಲಕ್ಕಿ. ಬೇಯಿಸದೆ ಮಾಡಿದ್ದು ಬೆಳ್ತಿಗೆ ಅಕ್ಕಿ. ಅದು ದೋಸೆಗೆ, ಪಾಯಸಕ್ಕೆ, ನೆಂಟರು ಬಂದಾಗಿನ ಊಟಕ್ಕೆ.

ಕೊಪ್ಪರಿಗೆಯೊಳಗೆ ಆಗುತ್ತಿದ್ದದ್ದು ಇಷ್ಟು. ಭತ್ತ ನೀರು ಕುಡಿಯುವಾಗ ಹೊರಪೊರೆಯಲ್ಲಿದ್ದ ಥಯಾಮಿನ್ ಆ ನೀರಿನಲ್ಲಿ ಕರಗಿ ಕಾಳಿನ ಒಳಗೆ ಇಳಿಯುತ್ತದೆ. ಬೇಯುವಾಗ ಒಳಗಿನ ಪಿಷ್ಟ ಅಂಟಾಗಿ, ಒಣಗುವಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗೆ ಬಂದದ್ದು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಗಿರಣಿಯಲ್ಲಿ ತೌಡು ಉಜ್ಜಿ ತೆಗೆದರೂ ಅಷ್ಟು ನಷ್ಟವಿಲ್ಲ, ತೊಳೆದರೂ ಅಷ್ಟು ಹೋಗುವುದಿಲ್ಲ. ಗಿರಣಿಯಲ್ಲಿ ಬೆಳ್ಳಗಾದ ಬೆಳ್ತಿಗೆ ಅಕ್ಕಿಯಲ್ಲಿ 100 ಗ್ರಾಂಗೆ 0.05 ಮಿಲಿಗ್ರಾಂ ಆಸುಪಾಸು ಥಯಾಮಿನ್ ಉಳಿದರೆ, ಕುಚ್ಚಲಕ್ಕಿಯಲ್ಲಿ ಅದರ ಮೂರು ಪಟ್ಟು ಇರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಒಂದರಿಂದ ಎರಡು ಮಿಲಿಗ್ರಾಂ. ಮೂರು ಹೊತ್ತೂ ಅನ್ನವನ್ನೇ ಉಣ್ಣುವ ಮನೆಯಲ್ಲಿ ಈ ಮೂರು ಪಟ್ಟು ಸಣ್ಣ ಮಾತಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು, ಅದಕ್ಕಾಗಿಯೇ ಕುಚ್ಚಲಕ್ಕಿ ಮಾಡಿದರು ಎಂಬ ಸಂದೇಶಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಯಿಸಿದ ಭತ್ತ ಒನಕೆಗೆ ನುಚ್ಚಾಗುವುದಿಲ್ಲ, ಮಳೆಗಾಲದ ಥಂಡಿಯಲ್ಲೂ ಹುಳ ಹಿಡಿಯುವುದು ಕಡಿಮೆ; ಅವರು ಕಂಡುಕೊಂಡದ್ದು ಇದನ್ನು. ಇದು ಕೂಡ ದೊಡ್ಡ ತಿಳಿವಳಿಕೆಯೇ. ಜೀವಸತ್ವ ಅದರ ಜೊತೆಗೆ ಸದ್ದಿಲ್ಲದೆ ಬಂತು. ಇಲ್ಲದ ತಿಳಿವಳಿಕೆಯನ್ನು ಹಿರಿಯರ ತಲೆಗೆ ಕಟ್ಟಿದರೆ ಇದ್ದ ತಿಳಿವಳಿಕೆಗೆ ಅವಮಾನವಾಗುತ್ತದೆ.

ತೌಡಿನ ಬೆಲೆ ಜಗತ್ತಿಗೆ ತಿಳಿದದ್ದು ಕೋಳಿಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಳಿ ಅಕ್ಕಿ ತಿನ್ನುವ ನಾಡುಗಳನ್ನೆಲ್ಲ ಬೆರಿಬೆರಿ ಎಂಬ ರೋಗ ತಿನ್ನುತ್ತಿತ್ತು. ಮೊದಲು ಪಾದ ಉರಿ, ಜೋಮು. ಕುಕ್ಕರಗಾಲಿನಲ್ಲಿ ಕುಳಿತವನಿಗೆ ಏಳಲಾಗದ ಸ್ಥಿತಿ. ಕೆಲವರಿಗೆ ಮೈಯೆಲ್ಲ ಬಾತು, ಏದುಸಿರು, ಕೊನೆಗೆ ಹೃದಯ ಸೋತು ಸಾವು. ಹೆಸರು ಸಿಂಹಳ ಭಾಷೆಯದೆಂದೂ 'ಆಗುವುದಿಲ್ಲ, ಆಗುವುದಿಲ್ಲ' ಎಂಬ ಅರ್ಥದ್ದೆಂದೂ ಹೇಳುತ್ತಾರೆ. ಆವಿಯಂತ್ರದ ಗಿರಣಿಗಳು ಬಂದು ಅಕ್ಕಿ ಬೆಳ್ಳಗಾದಷ್ಟೂ ರೋಗ ಹೆಚ್ಚಾಯಿತು. ಆದರೆ ಅದು ಸೂಕ್ಷ್ಮಾಣುಗಳ ಕಾಲ. ಎಲ್ಲ ರೋಗಕ್ಕೂ ಒಂದು ಕ್ರಿಮಿ ಇರಲೇಬೇಕೆಂದು ವೈದ್ಯರು ನಂಬಿದ್ದರು.

ಜಾವಾದ ಬಟೇವಿಯಾದಲ್ಲಿ (ಇಂದಿನ ಜಕಾರ್ತಾ) ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್ಮನ್ ಕೂಡ ಆ ಕ್ರಿಮಿಯನ್ನೇ ಹುಡುಕುತ್ತಿದ್ದ. 1890ರ ಸುಮಾರಿಗೆ ಪ್ರಯೋಗಾಲಯದ ಕೋಳಿಗಳು ಬೆರಿಬೆರಿ ರೋಗಿಗಳಂತೆಯೇ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳಾದ ಮೇಲೆ, ಯಾವ ಮದ್ದೂ ಇಲ್ಲದೆ, ತಾವಾಗಿಯೇ ಎದ್ದು ನಡೆದವು. ವಿಚಾರಿಸಿದಾಗ ತಿಳಿದದ್ದು: ಖರ್ಚು ಉಳಿಸಲೆಂದು ಕೋಳಿಗಳಿಗೆ ಅಷ್ಟು ದಿನ ಸೈನಿಕ ಆಸ್ಪತ್ರೆಯ ಅಡುಗೆಮನೆಯ ಬಿಳಿ ಅನ್ನ ಹಾಕುತ್ತಿದ್ದರು. ಅಡುಗೆಯವನು ಬದಲಾದ. ಸೈನ್ಯದ ಅನ್ನವನ್ನು ಹೊರಗಿನ ಕೋಳಿಗಳಿಗೆ ಕೊಡುವುದಿಲ್ಲವೆಂದು ಹೊಸಬ ನಿಲ್ಲಿಸಿದ. ಕೋಳಿಗಳಿಗೆ ಮತ್ತೆ ತೌಡಿರುವ ಅಗ್ಗದ ಅಕ್ಕಿ ಸಿಕ್ಕಿತು, ಬದುಕಿದವು.

ಐಕ್ಮನ್‌ನ ಗೆಳೆಯ ಅಡಾಲ್ಫ್ ವೋರ್ಡರ್‌ಮನ್ ಇದನ್ನು ಮನುಷ್ಯರಲ್ಲಿ ನೋಡಲು ಜಾವಾದ 101 ಸೆರೆಮನೆಗಳ ಲೆಕ್ಕ ತೆಗೆದ. ಸುಮಾರು 2.8 ಲಕ್ಷ ಕೈದಿಗಳು. ಬಿಳಿ ಅಕ್ಕಿ ಬಡಿಸುವ ಸೆರೆಮನೆಗಳಲ್ಲಿ 39 ಮಂದಿಗೆ ಒಬ್ಬನಿಗೆ ಬೆರಿಬೆರಿ. ಪೊರೆಯಿರುವ ಅಕ್ಕಿ ಬಡಿಸುವಲ್ಲಿ 10,000ಕ್ಕೆ ಒಬ್ಬ. ಈ ಎರಡು ಸಂಖ್ಯೆಗಳನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಇಷ್ಟಾದರೂ ಐಕ್ಮನ್ ಮೊದಲಿಗೆ ತಪ್ಪಾಗಿಯೇ ಯೋಚಿಸಿದ: ಪಿಷ್ಟದಲ್ಲಿ ಏನೋ ವಿಷವಿದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದು. ವಿಷವೇನೂ ಇಲ್ಲ, ಇರಬೇಕಾದದ್ದೊಂದು ಇಲ್ಲವಾಗಿದೆ ಎಂದು 1901ರಲ್ಲಿ ಹೇಳಿದವನು ಅವನ ನಂತರ ಅಲ್ಲಿ ಕೆಲಸ ಮಾಡಿದ ಗೆರಿಟ್ ಗ್ರೈನ್ಸ್. ಇರುವುದರಿಂದಲ್ಲ, ಇಲ್ಲದಿರುವುದರಿಂದ ರೋಗ ಬರಬಹುದು ಎಂಬ ಮಾತು ಆಗ ಎಷ್ಟು ವಿಚಿತ್ರವಾಗಿ ಕೇಳಿಸಿರಬೇಕು! ಕಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ 1912ರಲ್ಲಿ 'ವಿಟಮಿನ್' ಎಂದು ಹೆಸರಿಟ್ಟ. 1926ರಲ್ಲಿ ಜಾವಾದಲ್ಲಿಯೇ ಯಾನ್ಸೆನ್ ಮತ್ತು ಡೊನಾತ್ ರಾಶಿ ರಾಶಿ ತೌಡಿನಿಂದ ಚಿಟಿಕೆಯಷ್ಟು ಹರಳು ತೆಗೆದರು. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇನ್ನೊಬ್ಬನ ಮೇಲೆ. ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು 1886ರಲ್ಲಿ, ನಮ್ಮ ನೆರೆಯ ನೆಲ್ಲೂರಿನಲ್ಲಿ, ಅಮೆರಿಕದ ಮಿಷನರಿ ದಂಪತಿಯ ಮಗನಾಗಿ. ರಸಾಯನಶಾಸ್ತ್ರ ಓದಿ ಮನಿಲಾಕ್ಕೆ ಕೆಲಸಕ್ಕೆ ಹೋದ. ಅಲ್ಲಿ ಎಡ್ವರ್ಡ್ ವೆಡ್ಡರ್ ಎಂಬ ಸೈನ್ಯದ ವೈದ್ಯ 1910ರಲ್ಲಿ ಅವನ ಕೈಗೆ ತೌಡಿನ ಸಾರ ಕೊಟ್ಟು, ಇದರಲ್ಲಿರುವುದು ಏನೆಂದು ಕಂಡುಹಿಡಿ ಎಂದ. ಫಿಲಿಪ್ಪೀನ್ಸ್‌ನಲ್ಲಿ ಆಗ ಎದೆಹಾಲು ಕುಡಿಯುವ ಹಸುಗೂಸುಗಳು ಬೆರಿಬೆರಿಯಿಂದ ಸಾಯುತ್ತಿದ್ದವು. ಆ ಮಕ್ಕಳಿಗೆ ಒಂದು ವಿಚಿತ್ರ ಲಕ್ಷಣ: ಮಗು ಬಾಯಿ ತೆರೆದು, ಮುಖ ಕೆಂಪಾಗಿಸಿ ಅಳುತ್ತದೆ, ಧ್ವನಿ ಮಾತ್ರ ಹೊರಡುವುದಿಲ್ಲ. ಗಂಟಲಿನ ನರ ಸೋತಿರುತ್ತದೆ. ಅಂಥ ಮಗುವಿನ ಬಾಯಿಗೆ ತೌಡಿನ ಸಾರ ಹನಿಹನಿಯಾಗಿ ಬಿಟ್ಟರೆ ಬದುಕುತ್ತಿತ್ತು. ಅಲ್ಲಿನ ಭಾಷೆಯಲ್ಲಿ ತೌಡಿಗೆ ಟಿಕಿಟಿಕಿ ಎನ್ನುತ್ತಾರೆ. ಮದ್ದಿಗೂ ಅದೇ ಹೆಸರಾಯಿತು. ವಿಲಿಯಮ್ಸ್ ಆ ಸಾರದ ಬೆನ್ನು ಬಿಡಲಿಲ್ಲ. ಅಮೆರಿಕಕ್ಕೆ ಮರಳಿ, ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಲೇ, 26 ವರ್ಷ ಅದನ್ನೇ ಹಿಡಿದು ಕುಳಿತು 1936ರಲ್ಲಿ ಥಯಾಮಿನ್‌ನ ರಚನೆ ಬಿಡಿಸಿ, ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ. ಅಷ್ಟಕ್ಕೂ ನಿಲ್ಲಲಿಲ್ಲ. 1940ರ ದಶಕದ ಕೊನೆಯಲ್ಲಿ ಫಿಲಿಪ್ಪೀನ್ಸ್‌ನ ಬಟಾನ್ ಪ್ರಾಂತದಲ್ಲಿ ಬಿಳಿ ಅಕ್ಕಿಗೆ ಬಿ1 ಸೇರಿಸಿ ಹಂಚುವ ಪ್ರಯೋಗಕ್ಕೆ ಅವನೂ ಹೆಗಲು ಕೊಟ್ಟ. ಅಲ್ಲಿ ಬೆರಿಬೆರಿಯ ಸಾವು ಇಳಿಯಿತು.

ನಮ್ಮ ದೇಶದಲ್ಲಿ ಇದನ್ನು ಹುಡುಕಿದ್ದು ಕೂನೂರಿನ ಪ್ರಯೋಗಾಲಯ. ಅದೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ರಾಬರ್ಟ್ ಮೆಕ್‌ಕ್ಯಾರಿಸನ್ 1920ರ ದಶಕದಲ್ಲಿ ಅಕ್ಕಿಗೂ ಬೆರಿಬೆರಿಗೂ ಇರುವ ನಂಟನ್ನು ಅಲ್ಲಿಂದ ಅಧ್ಯಯನ ಮಾಡಿದ. ಈ ರೋಗ ಮುಖ್ಯವಾಗಿ ಕಾಣಿಸಿದ್ದು ಬೇಯಿಸದ ಗಿರಣಿ ಅಕ್ಕಿ ತಿನ್ನುವ ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ. ಬೇಯಿಸಿದ ಭತ್ತದ ಅಕ್ಕಿ ತಿನ್ನುವ ಕಡೆ ಅದು ಅಪರೂಪ. ರಾಗಿ ತಿನ್ನುವವರಿಗೂ ಈ ಭಯವಿರಲಿಲ್ಲ. ರಾಗಿಯ ಕಾಳು ಎಷ್ಟು ಸಣ್ಣದೆಂದರೆ ಅದರ ಪೊರೆಯನ್ನು ಅಕ್ಕಿಯಂತೆ ಉಜ್ಜಿ ತೆಗೆಯುವುದು ಕಷ್ಟ. ಇಡಿಯಾಗಿ ಬೀಸುವುದೇ ದಾರಿ. 100 ಗ್ರಾಂ ರಾಗಿಯಲ್ಲಿ 0.4 ಮಿಲಿಗ್ರಾಂ ಹತ್ತಿರ ಥಯಾಮಿನ್ ಇದೆ. ಜೋಳವೂ ಅದಕ್ಕೆ ಹತ್ತಿರ. ಹಳೆಯ ಮೈಸೂರಿನ ಮುದ್ದೆ, ಉತ್ತರ ಕರ್ನಾಟಕದ ರೊಟ್ಟಿ, ನಮ್ಮ ಕರಾವಳಿಯ ಕುಚ್ಚಲಕ್ಕಿ ಗಂಜಿ, ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರು ತಟ್ಟೆಗಳೂ ಒಂದೇ ಅಪಾಯದಿಂದ ನಮ್ಮನ್ನು ಕಾದಿದ್ದವು.

ಥಯಾಮಿನ್ ದೇಹದಲ್ಲಿ ಮಾಡುವ ಕೆಲಸವನ್ನು ನಾನು ಅರ್ಥ ಮಾಡಿಕೊಂಡದ್ದು ಅಜ್ಜಿಯ ಊದುಗೊಳವೆಯಿಂದ. ಅನ್ನ, ರೊಟ್ಟಿ, ಸಕ್ಕರೆ ಎಲ್ಲ ಒಲೆಗೆ ಹಾಕುವ ಕಟ್ಟಿಗೆ. ಕಟ್ಟಿಗೆ ತುರುಕಿದ ಮಾತ್ರಕ್ಕೆ ಉರಿ ಏಳುವುದಿಲ್ಲ; ಊದಬೇಕು. ಗ್ಲೂಕೋಸ್ ಅರ್ಧ ಒಡೆದು ಪೈರುವೇಟ್ ಆಗುವವರೆಗೆ ಥಯಾಮಿನ್ ಬೇಕಿಲ್ಲ. ಅಲ್ಲಿಂದ ಮುಂದೆ ಪೂರ್ತಿ ಉರಿದು ಶಕ್ತಿಯಾಗಬೇಕಾದರೆ ಬೇಕೇ ಬೇಕು. ಇಲ್ಲದಿದ್ದರೆ ಒಲೆಯಲ್ಲಿ ಹೊಗೆ ತುಂಬಿದಂತೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಬಿಡುವಿಲ್ಲದೆ ಉರಿ ಬೇಡುವ ಅಂಗಗಳು ಮೊದಲು ಸೋಲುತ್ತವೆ: ಹೃದಯ, ನರ, ಮಿದುಳು. ಇನ್ನೊಂದು ಸೂಕ್ಷ್ಮವಿದೆ. ಬಿಳಿ ಅನ್ನ ಹೆಚ್ಚು ಉಂಡಷ್ಟೂ ಥಯಾಮಿನ್ ಹೆಚ್ಚು ಖರ್ಚಾಗುತ್ತದೆ. ತಾನು ತಂದುಕೊಡದೆ, ಇದ್ದದ್ದನ್ನೂ ಕೇಳುವ ಊಟ ಅದು. ದೇಹದ ದಾಸ್ತಾನಾದರೂ ಎಷ್ಟು? ಹೆಚ್ಚೆಂದರೆ 30 ಮಿಲಿಗ್ರಾಂ. ಎರಡು ಮೂರು ವಾರ ಬರದಿದ್ದರೆ ಉಗ್ರಾಣ ಖಾಲಿ. ವಿಪರೀತ ಕುಡಿತದವರಲ್ಲಿ, ಗರ್ಭಿಣಿಯಾಗಿ ವಾರಗಟ್ಟಲೆ ವಾಂತಿಯಾಗುವವರಲ್ಲಿ ಇದು ಬೇಗ ಬರಿದಾಗಿ ಮಿದುಳಿಗೆ ಪೆಟ್ಟು ಬೀಳುವುದನ್ನು ವೈದ್ಯರು ಇಂದಿಗೂ ನೋಡುತ್ತಾರೆ.

ಇನ್ನು ತಂಗಿಯ ಬಾಣಂತನದ ವಿಷಯ.

ಅಮ್ಮ ಈಗ ಮೈಸೂರಿನಲ್ಲಿ ತಮ್ಮನ ಜೊತೆಗಿದ್ದಾಳೆ. ಬಾಣಂತನ ಅಲ್ಲಿಯೇ. ನಾನು ಹೋದಾಗ ಮಗುವಿಗೆ ಹದಿನೆಂಟು ದಿನ. ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ತಂಗಿಯ ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಮಧ್ಯಾಹ್ನ ಅಮ್ಮ ತಟ್ಟೆ ತಂದಳು. ಮಲ್ಲಿಗೆಯಂಥ ಸಣ್ಣಕ್ಕಿಯ ಅನ್ನ, ತುಪ್ಪ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು. ಅಷ್ಟೇ. ರಾತ್ರಿಯೂ ಅದೇ. ಬೇಳೆ ವಾಯು, ಕಾಳು ಇನ್ನೂ ವಾಯು, ಸೊಪ್ಪು ಶೀತ. ಅಕ್ಕಿಯನ್ನು ನಾಲ್ಕು ಸಲ ತೊಳೆದು, ಬೆಂದ ಮೇಲೆ ಗಂಜಿಯನ್ನು ಬಸಿದು ಚೆಲ್ಲಿದ್ದಳು, ಬಾಣಂತಿಗೆ ಅದು ಭಾರವೆಂದು. ಊಟವಾದ ಮೇಲೆ ವೀಳ್ಯದೆಲೆ, ಅಡಿಕೆ.

ನಾನು ಅಷ್ಟರಲ್ಲಾಗಲೇ ಒಂದು ವರದಿ ಓದಿದ್ದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಎದೆಹಾಲು ಮಾತ್ರ ಕುಡಿಯುತ್ತಿದ್ದ, ಕೆಲವೇ ತಿಂಗಳ ಕೂಸುಗಳು ಏದುಸಿರು ಬಿಡುತ್ತಾ ಬಂದಿದ್ದವು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಹೃದಯದ ಬಲಭಾಗ ಹಿಗ್ಗಿತ್ತು. ತಾಯಂದಿರು ಬಾಣಂತನದ ಪಥ್ಯದಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ನಂಬಿಕೊಂಡಿದ್ದರು. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಒಂದೆರಡು ದಿನಗಳಲ್ಲಿಯೇ ಮಕ್ಕಳು ಚೇತರಿಸಿಕೊಂಡವು. ಕಾಶ್ಮೀರದಿಂದಲೂ ಇಂಥ ವರದಿಗಳು ಬಂದಿವೆ. ತಾಯಿಗೆ ಹೊರಗೆ ಏನೂ ತೋರದಿರಬಹುದು. ಅವಳ ಹಾಲಿನಲ್ಲಿ ಇರಬೇಕಾದದ್ದು ಇರುವುದಿಲ್ಲ, ಅಷ್ಟೇ. ಮನಿಲಾದ ಆ ಧ್ವನಿಯಿಲ್ಲದ ಅಳು ನೂರು ವರ್ಷ ಹಿಂದಿನದೆಂದು ನಾನು ತಿಳಿದಿದ್ದೆ.

ಅಮ್ಮನೊಡನೆ ಮಾತಿಗೆ ಮಾತು ಬೆಳೆಯಿತು. ನಾನು ದನಿ ಏರಿಸಬಾರದಿತ್ತು. "ನಿಮ್ಮಿಬ್ಬರನ್ನೂ ಇದೇ ಪಥ್ಯದಲ್ಲಿ ಹಾಲು ಕೊಟ್ಟು ಸಾಕಿದ್ದೇನೆ. ನನ್ನನ್ನು ನಿನ್ನ ಅಜ್ಜಿ ಇದೇ ಪಥ್ಯದಲ್ಲಿ ಸಾಕಿದ್ದಾಳೆ. ಯಾರಿಗೆ ಏನಾಗಿದೆ, ಹೇಳು ನೋಡುವ?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಅವಳ ಮಾತು ನಿಜವಾಗಿತ್ತು. ರಾತ್ರಿ ಮಲಗಿದವಳಿಗೆ ಕೊಪ್ಪರಿಗೆ ನೆನಪಾಯಿತು. ಎದ್ದು ಅಡುಗೆಮನೆಗೆ ಹೋದರೆ ಅಮ್ಮನೂ ಅಲ್ಲಿಯೇ ಇದ್ದಳು, ಮಗುವಿನ ಬಟ್ಟೆ ಕುದಿಸುತ್ತಾ.

"ಅಮ್ಮಾ, ನಾನು ಹುಟ್ಟಿದಾಗ ನೀನು ಉಂಡದ್ದು ಯಾವ ಅಕ್ಕಿ?"

"ಯಾವ ಅಕ್ಕಿ ಎಂದರೆ? ಮನೆಯದ್ದೇ. ಕುಚ್ಚಲಕ್ಕಿ."

"ಗಂಜಿ ತೆಳಿ?"

"ಬೆಳಿಗ್ಗೆ ಉಪ್ಪು ತುಪ್ಪ ಹಾಕಿ ಅದನ್ನೇ ಮೊದಲು ಕುಡಿಸುತ್ತಿದ್ದರು." ಹೇಳುತ್ತಾ ಹೇಳುತ್ತಾ ಅವಳ ಕೈ ನಿಂತಿತು.

ಪಥ್ಯ ಅದೇ, ಅಕ್ಕಿ ಬೇರೆ. ಅಮ್ಮ ಊರು ಬಿಡುವಾಗ ನಿಯಮಗಳನ್ನೆಲ್ಲ ಜೋಪಾನವಾಗಿ ಕಟ್ಟಿಕೊಂಡು ಬಂದಿದ್ದಳು. ಆ ನಿಯಮಗಳು ನಿಂತಿದ್ದ ಅಕ್ಕಿ ಊರಿನಲ್ಲಿಯೇ ಉಳಿದಿತ್ತು. ಬೇಳೆ ಬೇಡ, ಕಾಳು ಬೇಡ ಎನ್ನುವ ಪಥ್ಯವನ್ನು ಕುಚ್ಚಲಕ್ಕಿ ಮತ್ತು ಅದರ ತೆಳಿ ಹೇಗೋ ತೂಗಿಸುತ್ತಿದ್ದವು. ನಾಲ್ಕು ಸಲ ತೊಳೆದು ಬಸಿದ ಬಿಳಿ ಅಕ್ಕಿಗೆ ಆ ಭಾರ ಹೊರುವ ಶಕ್ತಿಯಿಲ್ಲ. ಅಮ್ಮನದು ತಪ್ಪೆಂದು ಹೇಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಎಷ್ಟು ಮನೆಗಳಲ್ಲಿ ಇದೇ ಆಗುತ್ತಿರಬಹುದು! ಮುದ್ದೆ ಬಿಟ್ಟು ಅನ್ನಕ್ಕೆ ಬಂದ ಮನೆಗಳು, ರೊಟ್ಟಿ ಬಿಟ್ಟು ಅನ್ನಕ್ಕೆ ಬಂದ ಮನೆಗಳು, ಪಡಿತರದ ಬಿಳಿ ಅಕ್ಕಿಯೇ ಮೂರು ಹೊತ್ತಿನ ಆಧಾರವಾದ ಮನೆಗಳು. ಪಡಿತರದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸುವುದು ಕಡ್ಡಾಯ. ಬಿ1 ಸೇರಿಸುವುದು ಐಚ್ಛಿಕ. ಅಕ್ಕಿಯಿಂದ ಕಿತ್ತುಕೊಂಡದ್ದನ್ನು ಅಕ್ಕಿಗೆ ಹಿಂದಿರುಗಿಸದೆ ಬಿಟ್ಟಿರುವುದು ನನಗೆ ದೊಡ್ಡ ಲೋಪವಾಗಿ ಕಾಣುತ್ತದೆ.

ಮರುದಿನ ನಾವಿಬ್ಬರೂ ಕುಳಿತು ಬಾಣಂತಿಯ ತಟ್ಟೆಯನ್ನು ಮತ್ತೆ ಕಟ್ಟಿದೆವು. ಹುರುಳಿ ಉಷ್ಣವಾದ್ದರಿಂದ ಅದಕ್ಕೆ ಅಮ್ಮನ ತಕರಾರಿರಲಿಲ್ಲ. ಊರಿನಲ್ಲಿ ಕೋಣಗಳಿಗೆಂದು ಹುರುಳಿ ಬೇಯಿಸಿದಾಗ ಕಾಳು ಕೋಣಕ್ಕೆ ಹೋಗಿ, ಬೆಂದ ನೀರು ಮನೆಯವರಿಗೆ ತಿಳಿಸಾರಾಗುತ್ತಿತ್ತು. ಕಾಳಿನ ಬಿ1ರಲ್ಲಿ ಒಂದು ಪಾಲು ಆ ನೀರಿಗೆ ಇಳಿದಿರುತ್ತದೆ. ಈಗ ಕಾಳನ್ನೂ ಬಿಡುವುದು ಬೇಡವೆಂದೆ. ಅರೆದು ಸಾರಿಗೆ ಸೇರಿಸಿದಳು. ಹೆಸರುಬೇಳೆ ತೊವ್ವೆಗೆ ಒಪ್ಪಿದಳು, ಇಂಗು ಹೆಚ್ಚಿಗೆ ಹಾಕುವ ಷರತ್ತಿನ ಮೇಲೆ. ಎಳ್ಳು ಬೆಲ್ಲದ ಉಂಡೆ ಮೊದಲೇ ಇತ್ತು. ಎಳ್ಳಿನಲ್ಲಿ ಥಯಾಮಿನ್ ಧಾರಾಳ. ಕಡಲೆಕಾಯಿಯೂ ಒಳ್ಳೆಯ ಮೂಲವೇ, ಅದಕ್ಕೆ ಮಾತ್ರ ಅವಳು ಜಪ್ಪಯ್ಯ ಎನ್ನಲಿಲ್ಲ. ಸೊಪ್ಪು ಹಣ್ಣುಗಳಿಂದ ಬಿ1 ಹೆಚ್ಚೇನೂ ಸಿಗುವುದಿಲ್ಲವಾದ್ದರಿಂದ ಅಲ್ಲಿ ನಾನೂ ಹಟ ಮಾಡಲಿಲ್ಲ, ಅವು ಬೇರೆ ಕಾರಣಕ್ಕೆ ಬೇಕು ಎಂದಷ್ಟೇ ಹೇಳಿದೆ. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವುದನ್ನು ಬಿಡಿಸಿದೆ. ಸೋಡಾದ ಕ್ಷಾರಕ್ಕೆ ಥಯಾಮಿನ್ ನಾಶವಾಗುತ್ತದೆ, ಹುಣಸೆಯ ಹುಳಿಯಲ್ಲಿ ಉಳಿಯುತ್ತದೆ. ಅಡಿಕೆಯ ಒಗರು ಮತ್ತು ಊಟದ ಜೊತೆಯ ಚಹಾ ಕೂಡ ಥಯಾಮಿನ್‌ಗೆ ಅಡ್ಡಿ. ಅಡಿಕೆ ಬೆಳೆಯುವ ಊರಿನವಳಾಗಿ ಇದನ್ನು ಹೇಳುವಾಗ ಸ್ವಲ್ಪ ಸಂಕಟವಾಯಿತು. ಮಗುವಿನ ತಪಾಸಣೆಗೆ ಹೋದಾಗ ತಾಯಿಯ ಊಟದ ವಿವರವನ್ನೂ ವೈದ್ಯರಿಗೆ ಬಿಡಿಸಿ ಹೇಳಿದೆವು; ತಂಗಿಗೆ ಬಿ ಜೀವಸತ್ವದ ಮಾತ್ರೆಯನ್ನು ಅವರೇ ಬರೆದುಕೊಟ್ಟರು.

ತೌಡೆಣ್ಣೆ ತಂದರೆ ಆಗುವುದಿಲ್ಲವೇ ಎಂದು ತಮ್ಮ ಕೇಳಿದ. ಊರಿನ ಗಿರಣಿಯ ತೌಡು ಈಗ ಎಣ್ಣೆ ಕಾರ್ಖಾನೆಗೇ ಹೋಗುತ್ತದಂತೆ. ಆದರೆ ನೀರಿನಲ್ಲಿ ಕರಗುವ ಬಿ1 ಎಣ್ಣೆಗೆ ಇಳಿಯುವುದಿಲ್ಲ. ಅದು ಹಿಂಡಿಯಲ್ಲಿಯೇ ನಿಂತು ಪಶು ಆಹಾರದ ಚೀಲ ಸೇರುತ್ತದೆ. ಮತ್ತೆ ಕಪಿಲೆಯ ಪಾಲು.

ಒಂದು ವಾರದ ಮೇಲೆ ಮಾವ ಊರಿನಿಂದ ರಾತ್ರಿ ಬಸ್ಸಿನಲ್ಲಿ ಕುಚ್ಚಲಕ್ಕಿ ಹಾಕಿದರು. ಗೋಣಿಯ ಬಾಯಿಗೆ ಬಾಳೆನಾರಿನ ಕಟ್ಟು. ಅಮ್ಮ ನೆಲದ ಮೇಲೆ ಕುಳಿತು ಅದನ್ನು ಬಿಚ್ಚಿದಳು. ಕೆಂಪು ಗೆರೆಗಳಿದ್ದ ದಪ್ಪ ಅಕ್ಕಿ. ಮುಷ್ಟಿ ತುಂಬ ತೆಗೆದು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಒಂದು ಕಾಳನ್ನು ಆರಿಸಿ, ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿದಳು. ಕಟ್ಟೆಂದ ಸದ್ದು ಕೋಣೆಯ ಬಾಗಿಲಲ್ಲಿ ನಿಂತಿದ್ದ ನನಗೂ ಕೇಳಿಸಿತು.

"ಹದ ಇದೆ," ಎಂದಳು. "ಬೇಯಲು ಒಂದು ಗಂಟೆಯಾದರೂ ಬೇಕು. ದೊಡ್ಡ ಪಾತ್ರೆ ಇಳಿಸು."